ಹಬ್ಬದ ತೆನೆ ಯಾರ ಗದ್ದೆಯದ್ದು?

ಮಾನ್ಯ ಸಂಪಾದಕರೇ,

ಅಡಿಕೆಗೆ ಕೊಳೆರೋಗ ಬಂದ ಸುದ್ದಿಯನ್ನು ಈ ಮಳೆಗಾಲ ಪೂರ್ತಿ ನಿಮ್ಮ ಪತ್ರಿಕೆಯಲ್ಲಿ ಓದುತ್ತಲೇ ಇದ್ದೇನೆ. ಎಷ್ಟು ತೋಟ ಹೋಯಿತು, ಪರಿಹಾರ ಎಷ್ಟು ಬೇಕು ಅನ್ನೋದನ್ನು ತಿಳಿದವರು ಬರೆಯುತ್ತಿದ್ದಾರೆ. ನಾನು ಬರೆಯುತ್ತಿರುವುದು ಅದೇ ಕೊಳೆಯಿಂದ ನಮ್ಮ ಚರ್ಚ್‌ನಲ್ಲಿ ಎದ್ದ ಒಂದು ಪ್ರಶ್ನೆಯ ಬಗ್ಗೆ. ಬೆಳೆ ಹೋದ ವರ್ಷ ದೇವರಿಗೆ ಉಪಕಾರ ಹೇಳೋದು ಹೇಗೆ, ಯಾಕೆ ಅನ್ನೋ ಪ್ರಶ್ನೆ ಅದು.

ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು. 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ಈಗ ಮನೆಯಲ್ಲಿದ್ದೇನೆ. ಮನೆಮಾತು ಕೊಂಕಣಿ, ಓದು ಬರಹ ಎಲ್ಲ ಕನ್ನಡ. ಎರಡು ಎಕರೆ ಅಡಿಕೆ ತೋಟವಿದೆ. ನಮ್ಮದು ಅರವತ್ತು ಮನೆಗಳ ಸಣ್ಣ ಚರ್ಚ್.

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ. ನಾವು ಅದನ್ನು ಮೊಂತಿ ಹಬ್ಬ, ತೆನೆ ಹಬ್ಬ ಅನ್ನುತ್ತೇವೆ. ಮಂಗಳೂರು ಹತ್ತಿರದ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚ್‌ನಿಂದ ಮೊಂತಿ ಅನ್ನೋ ಹೆಸರು ಬಂತು ಅಂತ ಹಿರಿಯರು ಹೇಳುತ್ತಿದ್ದರು. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ತಂದು ಅಮ್ಮನವರ ಮುಂದೆ ಹಾಕುತ್ತಾರೆ. ಹಿತ್ತಿಲಲ್ಲಿ ಡೇರೆ ಅರಳುವ ಕಾಲ ಅದು, ಮಳೆಯಲ್ಲಿ ನೆನೆದ ಡೇರೆ ಹೂವಿನ ತೂಕಕ್ಕೆ ತಟ್ಟೆ ಬಾಗುತ್ತದೆ. ಹಬ್ಬದ ದಿನ ಫಾದರ್ ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಆ ಭತ್ತದ ಸಿಪ್ಪೆ ಬಿಡಿಸಿ, ಅಕ್ಕಿ ಅರೆದು ತೆಂಗಿನ ಹಾಲಿಗೆ ಬೆರೆಸಿ, ಮೊದಲು ಎಲ್ಲರೂ ಒಂದೊಂದು ಚಮಚ ತಗೊಳ್ಳುತ್ತೇವೆ. ಆಮೇಲೆ ಬಾಳೆಎಲೆಯಲ್ಲಿ ಊಟ. ಅವತ್ತು ಮೀನು ಮಾಂಸ ಇಲ್ಲ. ಹೀರೆ, ಬೆಂಡೆ, ಹಾಗಲ, ಅಲಸಂದೆ, ಕೆಸು ಅಂತ ಏಳೋ ಒಂಬತ್ತೋ ತರಕಾರಿ. ಊರಿನಲ್ಲಿ ಇಲ್ಲದವರಿಗೆ ಕವರಿನಲ್ಲಿ ನಾಲ್ಕು ಕಾಳು ಹಾಕಿ ಅಂಚೆಗೆ ಕೊಡುತ್ತೇವೆ. ನನ್ನ ಮಗನಿಗೆ ಮಸ್ಕತ್‌ಗೆ ಹೋಗುತ್ತದೆ.

ಆಗಸ್ಟ್ ಕೊನೆಯ ಭಾನುವಾರ ಪೂಜೆ ಮುಗಿದ ಮೇಲೆ ಹಬ್ಬದ ತಯಾರಿಗೆ ಅಂತ ಸೇರಿದ್ದೆವು. ಒಬ್ಬರು ಎದ್ದು ಹೇಳಿದರು: "ಫಾದರ್, ಈ ವರ್ಷ ಬರೀ ಪೂಜೆ ಸಾಕು. ತೆನೆ, ಊಟ ಎಲ್ಲ ಬೇಡ. ಹೊಸ ಬೆಳೆಗೆ ಸ್ತುತಿ ಹೇಳೋಕೆ ಬೆಳೆ ಎಲ್ಲಿದೆ?" ಯಾರೂ ಎದುರು ಮಾತಾಡಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ತೋಟ ನೋಡಿದ್ದೇನೆ. ನನ್ನ ತೋಟವೂ ಹಾಗೇ ಇದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡಿ ಎರಡು ಸಲ ಹೊಡೆಸಿದೆ. ಮಳೆ ಹೊಳವೇ ಕೊಡಲಿಲ್ಲ, ಮೂರನೇ ಸಲ ಹೊಡೆಸೋಕೆ ಆಗಲಿಲ್ಲ. ಬೆಳಗ್ಗೆ ತೋಟಕ್ಕೆ ಇಳಿದರೆ ಬುಡದಲ್ಲಿ ಬಿಳಿ ಬೂಸಲು ಹಿಡಿದ ಕಾಯಿಗಳ ರಾಶಿ. ಇನ್ನೊಂದು ಕಡೆ ಎಲೆಚುಕ್ಕೆ ರೋಗ. ಇಂಥ ಹೊತ್ತಿನಲ್ಲಿ ಆ ಮಾತು ಬಾಯಿಗೆ ಬಂದರೆ ತಪ್ಪೇನು?

ಆಗ ಹಿಂದಿನ ಬೆಂಚಿನಿಂದ ನಮ್ಮ ಕೊನೆಗಾರ ಅಣ್ಣ ಎದ್ದು ನಿಂತರು. ಸುತ್ತಮುತ್ತಲಿನ ತೋಟಗಳಿಗೆಲ್ಲ ಮರ ಹತ್ತೋರು ಅವರೇ. ಸಭೆಯಲ್ಲಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. "ಫಾದರ್, ಈ ಮಳೇಲಿ ಎಷ್ಟು ಮರ ಹತ್ತಿದೀನಿ ಅಂತ ಲೆಕ್ಕ ಇಟ್ಟಿಲ್ಲ. ಪಾಚಿ ಕಟ್ಟಿದ ಮರಗಳು. ಹತ್ತಿದಷ್ಟು ಸಲಾನೂ ಇಳಿದಿದೀನಿ. ನನಗೆ ಹೇಳೋದಿದೆ. ಹಬ್ಬ ಮಾಡಿ." ಅಷ್ಟು ಹೇಳಿ ಕೂತರು.

ನನ್ನ ತೋಟಕ್ಕೆ ಔಷಧಿ ಹೊಡೆದಿದ್ದು ಅವರೇ. ಉದುರಿದ ಕಾಯಿಗಳನ್ನು ನಾನು ದಿನಾ ಲೆಕ್ಕ ಮಾಡಿದ್ದೆ. ಅವರು ಕ್ಷೇಮವಾಗಿ ಇಳಿದು ಬಂದಿದ್ದನ್ನು ಒಂದು ದಿನವೂ ಲೆಕ್ಕಕ್ಕೆ ತಗೊಂಡಿರಲಿಲ್ಲ. ಅವತ್ತು ಮನೆಗೆ ಬಂದು ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಬರೆಯಬೇಕು. ನಮ್ಮ ಚರ್ಚ್‌ಗಳಲ್ಲಿ ಪೂಜೆಗೆ ಮುಂಚೆ ಕೋರಿಕೆಗಳನ್ನು ಓದುತ್ತಾರೆ. ಮಗನಿಗೆ ಕೆಲಸ ಸಿಕ್ಕಿದ್ದಕ್ಕೆ ಕೃತಜ್ಞತೆ, ವೀಸಾ ಬಂದಿದ್ದಕ್ಕೆ, ಆಪರೇಷನ್ ಚೆನ್ನಾಗಿ ಆಗಿದ್ದಕ್ಕೆ, ಹೊಸ ಮನೆಗೆ. ಶಿವಮೊಗ್ಗಕ್ಕೆ ಮಗಳ ಮನೆಗೆ ಹೋದಾಗ ಪವಿತ್ರ ಹೃದಯ ಪ್ರಧಾನಾಲಯದಲ್ಲೂ ಇಂಥವನ್ನೇ ಕೇಳಿದ್ದೇನೆ. ಅದು ತಪ್ಪಲ್ಲ. ಲೂಕನ ಶುಭಸಂದೇಶದ ಹದಿನೇಳನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹತ್ತು ಕುಷ್ಠರೋಗಿಗಳನ್ನು ಗುಣಪಡಿಸುತ್ತಾರೆ. ವಾಪಸ್ ಬಂದು ಉಪಕಾರ ಹೇಳಿದವನು ಒಬ್ಬನೇ, ಅವನೂ ಸಮಾರ್ಯದವನು, ಹೊರಗಿನವನು. ಉಳಿದ ಒಂಬತ್ತು ಜನ ಎಲ್ಲಿ ಅಂತ ಸ್ವಾಮಿ ಕೇಳುತ್ತಾರೆ. ಹಾಗಾಗಿ ಸಿಕ್ಕ ಮೇಲೆ ಬಂದು ಹೇಳೋದು ದೊಡ್ಡ ವಿಷಯವೇ. ಆದರೆ ಸಿಕ್ಕಿದ್ದಕ್ಕೆ ಮಾತ್ರ ಹೇಳೋದು ರೂಢಿಯಾದರೆ, ಸಿಗದ ವರ್ಷ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಈ ಸಲ ಆಗಿದ್ದು ಅದೇ.

ಪ್ರತಿ ಪೂಜೆಯಲ್ಲೂ ಫಾದರ್ ನಮ್ಮನ್ನು ದೇವರಿಗೆ ಕೃತಜ್ಞತೆ ಹೇಳೋಕೆ ಕರೆಯುತ್ತಾರೆ, ಅದು ಯುಕ್ತ, ಅದು ನ್ಯಾಯ ಅಂತ ನಾವು ಉತ್ತರ ಕೊಡುತ್ತೇವೆ. ಈ ಪೂಜೆಗೆ ಯೂಕರಿಸ್ಟ್ ಅಂತಲೂ ಹೆಸರು, ಆ ಗ್ರೀಕ್ ಮೂಲದ ಪದಕ್ಕೆ ಅರ್ಥವೇ ಕೃತಜ್ಞತೆ. ಯೇಸುಸ್ವಾಮಿ ರೊಟ್ಟಿಯನ್ನು ಕೈಗೆ ತಗೊಂಡು ತಂದೆಗೆ ಸ್ತುತಿ ಹೇಳಿದ್ದು ಯಾವತ್ತು? ಶಿಷ್ಯನೇ ಅವರನ್ನು ಹಿಡಿದುಕೊಟ್ಟ ರಾತ್ರಿ. ನಾಳೆ ಏನಾಗುತ್ತದೆ ಅಂತ ಗೊತ್ತಿದ್ದೂ ಹೇಳಿದರು. ಆ ರಾತ್ರಿಯನ್ನು ನೆನೆಯೋಕೆ ಪ್ರತಿ ಭಾನುವಾರ ಸೇರುವ ನಾವು, ಅಡಿಕೆ ಹೋಯಿತು ಅಂತ ತೆನೆ ಬೇಡ ಅನ್ನಬಹುದಾ?

ನನ್ನ ಅಮ್ಮನಿಗೆ ಕೃತಜ್ಞತೆ ಅನ್ನೋ ದೊಡ್ಡ ಪದ ಬಾಯಿಗೆ ಬರುತ್ತಿರಲಿಲ್ಲ. ಕೊಂಕಣಿಯಲ್ಲಿ ನಾವು ಯಾರಿಗಾದರೂ ಉಪಕಾರ ಹೇಳಬೇಕಾದರೆ "ದೇವ್ ಬರೆಂ ಕರುಂ" ಅನ್ನುತ್ತೇವೆ. ದೇವರು ಒಳ್ಳೇದು ಮಾಡಲಿ ಅಂತ ಅರ್ಥ. ಕೊಟ್ಟವರಿಗೂ ದೇವರಿಗೂ ಒಂದೇ ಮಾತಿನಲ್ಲಿ ಮುಟ್ಟುತ್ತದೆ. ದಿನಾ ಸಂಜೆ ಮನೆಯಲ್ಲಿ ಜಪಸರ, ಅಂದರೆ ಮಣಿಸರ ಹಿಡಿದು ಮಾಡುವ ಪ್ರಾರ್ಥನೆ, ಆಗಬೇಕು. ಜಪಸರ ಮುಗಿದು ಮಕ್ಕಳು ದೊಡ್ಡವರ ಹತ್ತಿರ ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾರೆ. ಅದಕ್ಕೆ ಮುಂಚೆ ಅಮ್ಮ ಎಲ್ಲರನ್ನೂ ಒಂದು ಮಾತು ಕೇಳುತ್ತಿದ್ದಳು: ಇವತ್ತು ದೇವರು ಏನು ಕೊಟ್ಟರು, ಯಾರ ಕೈಯಲ್ಲಿ ಕೊಟ್ಟರು? ಅವಳ ನಿಯಮ ಎರಡೇ. ನಿನ್ನೆ ಹೇಳಿದ್ದನ್ನು ಇವತ್ತು ಹೇಳಬಾರದು. ಕೈ ಯಾರದ್ದು ಅಂತ ಹೇಳದೆ ಬಿಡಬಾರದು. "ಊಟ ಕೊಟ್ಟರು" ಅಂದರೆ ಒಪ್ಪುತ್ತಿರಲಿಲ್ಲ. ಅಕ್ಕಿ ಯಾರು ಕುಟ್ಟಿದರು, ಸೌದೆ ಯಾರು ತಂದರು ಅಂತ ಕೇಳುತ್ತಿದ್ದಳು. ಸಣ್ಣವರಿದ್ದಾಗ ನಿದ್ದೆಗಣ್ಣಿನಲ್ಲಿ ಬೇಜಾರಾಗುತ್ತಿತ್ತು. ಈಗ ನಾನೂ ನನ್ನ ಮೊಮ್ಮಕ್ಕಳಿಗೆ ಅದನ್ನೇ ಕೇಳುತ್ತೇನೆ. ಮಗಳ ಮನೆಯಲ್ಲಿ ರಾತ್ರಿ ಎಂಟೂವರೆಗೆ ಫೋನ್ ಸ್ಪೀಕರ್‌ಗೆ ಹಾಕುತ್ತಾರೆ. ಕಿರಿಯವನು ಮೊನ್ನೆ ಹೇಳಿದ, ಬಸ್ಸಿನಲ್ಲಿ ಕಂಡಕ್ಟರ್ ಮಾಮ ಬ್ಯಾಗ್ ಹಿಡ್ಕೊಂಡ್ರು ಅಂತ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕಷ್ಟದಲ್ಲಿರುವವರಿಗೆ ಸ್ತುತಿ ಹೇಳು ಅಂತ ಹೊರಗಿನಿಂದ ಒತ್ತಾಯ ಮಾಡಬಾರದು. 2016ರಲ್ಲಿ ನನ್ನ ಯಜಮಾನರು ತೀರಿಕೊಂಡರು. ಸಮಾಧಿಯ ಹತ್ತಿರ ಒಬ್ಬರು ನನ್ನ ಕೈ ಹಿಡಿದು, ಎಲ್ಲದಕ್ಕೂ ದೇವರಿಗೆ ಸ್ತುತಿ ಹೇಳಮ್ಮ ಅಂದರು. ಆ ಮಾತು ಕಲ್ಲಿನ ಹಾಗೆ ಬಿತ್ತು. ಎರಡು ತಿಂಗಳು ನಮ್ಮ ಮನೆಯಲ್ಲಿ ಜಪಸರ ನಡೆಯಿತು, ಆದರೆ ಅಮ್ಮನ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಒಂದು ಸಂಜೆ ಮಗಳೇ ಹೇಳಿದಳು: "ಇವತ್ತು ಪಕ್ಕದ ಮನೆ ಅಕ್ಕ ಗಂಜಿ ತಂದುಕೊಟ್ಟರು. ಅಮ್ಮ ಎರಡು ಲೋಟ ಕುಡಿದರು." ಅಲ್ಲಿಂದ ಮತ್ತೆ ಶುರುವಾಯಿತು. ಥೆಸಲೋನಿಯರಿಗೆ ಬರೆದ ಮೊದಲ ಪತ್ರದಲ್ಲಿ ಸಂತ ಪೌಲರು ಎಲ್ಲದರಲ್ಲೂ ಕೃತಜ್ಞತೆ ಸಲ್ಲಿಸಿ ಅನ್ನುತ್ತಾರೆ. ಎಲ್ಲದರಲ್ಲೂ, ಅಂದರೆ ಯಾವ ಸ್ಥಿತಿಯಲ್ಲಿದ್ದರೂ. ಎಫೆಸಿಯರಿಗೆ ಬರೆದ ಪತ್ರದಲ್ಲಿ ಎಲ್ಲದಕ್ಕಾಗಿಯೂ ಅಂತಲೂ ಇದೆ, ಗೊತ್ತು. ಅಲ್ಲಿಯವರೆಗೆ ನಾನು ಇನ್ನೂ ಮುಟ್ಟಿಲ್ಲ. ಆ ಸಾವಿಗೆ ನಾನು ಸ್ತುತಿ ಹೇಳಿಲ್ಲ. ಗಂಜಿಗೆ ಹೇಳಿದ್ದೇನೆ.

ಗಂಜಿ ತಂದುಕೊಟ್ಟ ಆ ಅಕ್ಕ ನಾಯ್ಕರ ಮನೆಯವರು. ನಾನು ಈ ಪತ್ರ ಬರೆಯೋಕೆ ಕೂತಿದ್ದೇ ಅವರ ವಿಷಯಕ್ಕೆ.

ನಮ್ಮ ಮಲೆನಾಡಿನಲ್ಲಿ ಸೆಪ್ಟೆಂಬರ್ 8ಕ್ಕೆ ತೆನೆ ಎಲ್ಲಿಂದ ಬರಬೇಕು? ಕರಾವಳಿಯಲ್ಲಿ ಆ ಹೊತ್ತಿಗೆ ತೆನೆ ಬಂದಿರುತ್ತದೆ, ಹಬ್ಬ ಅಲ್ಲಿಂದ ಬಂದದ್ದು. ಇಲ್ಲಿ ನೆಟ್ಟಿ ಮುಗಿಯುವಾಗಲೇ ಆಗಸ್ಟ್, ಕೊಯ್ಲು ನವೆಂಬರ್‌ಗೆ. ಅಪ್ಪನ ಕಾಲದಲ್ಲಿ ಕುಂದಾಪುರದ ಕಡೆಯಿಂದ ಹುಲಿಕಲ್ ಘಾಟಿ ಹತ್ತುವ ಬಸ್ಸಿನಲ್ಲಿ ಒದ್ದೆ ಬಟ್ಟೆ ಸುತ್ತಿದ ತೆನೆ ಕಟ್ಟು ಬರುತ್ತಿತ್ತು. ಒಂದು ವರ್ಷ ಘಾಟಿಯಲ್ಲಿ ಮಣ್ಣು ಕುಸಿದು ಬಸ್ ಬರಲಿಲ್ಲ. ಅದನ್ನು ಕೇಳಿದ ನಾಯ್ಕರು ಮರುವರ್ಷ ಬಾವಿಯ ಪಕ್ಕದ ಗದ್ದೆಯ ಒಂದು ಮೂಲೆಯಲ್ಲಿ ಮೇ ತಿಂಗಳಲ್ಲೇ, ಬಾವಿ ನೀರು ಕೊಟ್ಟು, ಬೇಗ ಬರುವ ಭತ್ತ ಬಿತ್ತಿದರು. ನಿಮ್ಮ ಹಬ್ಬಕ್ಕೆ ಇರಲಿ ಅಂದರು. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಆಯಿತು. ನಮ್ಮವರ ಗದ್ದೆಗಳೆಲ್ಲ ಒಂದೊಂದಾಗಿ ಅಡಿಕೆ ತೋಟವಾದವು, ನನ್ನದೂ ಸೇರಿ. ಅವರು ಆ ಮೂಲೆಯನ್ನು ಬಿಡಲಿಲ್ಲ. ದುಡ್ಡು ತಗೊಂಡಿಲ್ಲ.

ಇನ್ನೂ ಒಂದು ವಿಷಯವಿದೆ. ನನ್ನ ಅಪ್ಪ ಗಾರೆ ಕೆಲಸದವರು. ಘಟ್ಟ ಹತ್ತಿ ಬಂದಿದ್ದು ಲಿಂಗನಮಕ್ಕಿ ಆಣೆಕಟ್ಟಿನ ಕೆಲಸಕ್ಕೆ. 1964ರಲ್ಲಿ ಆಣೆಕಟ್ಟು ಮುಗಿದ ಮೇಲೆ, ಕೂಡಿಟ್ಟ ಕೂಲಿಯಲ್ಲಿ ಇಲ್ಲಿ ಜಾಗ ಮಾಡಿದರು. ನಾಯ್ಕರ ಅಪ್ಪನದು ಅದೇ ಶರಾವತಿ ನೀರಿನಲ್ಲಿ ಮುಳುಗಿದ ಊರು. ಗದ್ದೆ, ಮನೆ ಬಿಟ್ಟು ಮಕ್ಕಳನ್ನು ಕರೆದುಕೊಂಡು ಬಂದು ನಮ್ಮ ಪಕ್ಕದಲ್ಲಿ ಕಾಡು ಕಡಿದು ಮತ್ತೆ ಗದ್ದೆ ಮಾಡಿದರು. ನಮಗೆ ಅನ್ನ ಕೊಟ್ಟ ಆಣೆಕಟ್ಟು ಅವರ ಅನ್ನ ತಗೊಂಡಿತ್ತು. ಅವರ ಮಗ ನಮ್ಮ ಹಬ್ಬಕ್ಕೆ ತೆನೆ ಬೆಳೆಯುತ್ತಿದ್ದಾರೆ. ಇಷ್ಟು ವರ್ಷ ಆ ತೆನೆ ಹಿಡಿದು ಹೊಸ ಬೆಳೆ ಕೊಟ್ಟ ದೇವರಿಗೆ ಸ್ತುತಿ ಅಂತ ಹಾಡಿದೆವು. ಗದ್ದೆ ಯಾರದ್ದು ಅಂತ ಒಂದು ಸಲವೂ ಚರ್ಚ್‌ನಲ್ಲಿ ಹೇಳಲಿಲ್ಲ. ಅಮ್ಮ ಇದ್ದಿದ್ದರೆ ಆ ಸ್ತುತಿಯನ್ನು ಒಪ್ಪುತ್ತಿರಲಿಲ್ಲ.

ಕೊನೆಗಾರ ಅಣ್ಣನ ಮಾತಿನ ಮೇಲೆ ಹಬ್ಬ ಮಾಡೋದು ಅಂತಾಯಿತು. ನಾನು ಫಾದರ್ ಹತ್ತಿರ ಹೋಗಿ ಇದನ್ನೆಲ್ಲ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ, ಈ ಊರಿಗೆ ಬಂದು ಎರಡೇ ವರ್ಷ. ಹಬ್ಬದ ದಿನ ತೆನೆ ಆಶೀರ್ವದಿಸುವ ಮುಂಚೆ, ಇದು ಯಾರ ಗದ್ದೆಯ ತೆನೆ, ಆ ಮನೆ ಎಲ್ಲಿಂದ ಎದ್ದು ಬಂದದ್ದು ಅಂತ ಹೇಳಿದರು. ನಾಯ್ಕರು, ಅಕ್ಕ ಇಬ್ಬರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಊಟ ಪ್ರತಿ ವರ್ಷಕ್ಕಿಂತ ಕಡಿಮೆಯೇ ಇತ್ತು, ಐದು ತರಕಾರಿ. ಹಬ್ಬ ಬೇಡ ಅಂದವರೂ ಬಂದಿದ್ದರು, ಕೊನೆಗಾರ ಅಣ್ಣನಿಗೆ ಅವರೇ ಬಡಿಸಿದರು. ಹೊರಡುವಾಗ ನಾಯ್ಕರು ಫಾದರ್ ಹತ್ತಿರ ಕೇಳಿದ್ದು ಒಂದೇ: "ಪೂಜೆ ಆದ ತೆನೇಲಿ ನಾಲ್ಕು ನಮ್ಮನೆ ಕಣಜಕ್ಕೂ ಕೊಡಿ."

ಮಲೆನಾಡಿನ ಬೇರೆ ಚರ್ಚ್‌ಗಳಲ್ಲೂ ಇಂಥ ಗದ್ದೆಗಳು, ಇಂಥ ಕೈಗಳು ಇರುತ್ತವೆ. ಗಂಟೆ ಹೊಡೆಯುವವರು, ಹಬ್ಬದ ಮಾರನೇ ದಿನ ಎಲೆ ಎತ್ತುವವರು, ಹೂ ಕಟ್ಟಿ ಕಳಿಸುವವರು ಇರುತ್ತಾರೆ. ಭಾನುವಾರದ ಪೂಜೆಯಲ್ಲಿ ಕೋರಿಕೆಗಳನ್ನು ಓದುವಾಗ ಅವರ ಹೆಸರಿಗೂ ಜಾಗ ಕೊಡಿ ಅಂತ ಫಾದರ್‌ಗಳಲ್ಲಿ, ಚರ್ಚ್ ಸಮಿತಿಯವರಲ್ಲಿ ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ. ಎರಡು ನಿಮಿಷದ ಕೆಲಸ.

ಭೂಮಿ ಹುಣ್ಣಿಮೆ ಹತ್ತಿರ ಬಂತು. ಅಕ್ಕ ಜಗಲಿಯಲ್ಲಿ ಕೂತು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದಾರೆ. ಭತ್ತ ಹೊಡೆ ತುಂಬುವ ಕಾಲ, ಬಸುರಿ ಭೂಮಿಗೆ ಬಯಕೆ ಊಟ ಕೊಡುವ ಹಬ್ಬ ಅದು. ಬೆಳಗಿನ ಜಾವ ಬುಟ್ಟಿ ಹೊತ್ತು ಗದ್ದೆಗೆ ಹೋಗುವಾಗ ಟೀಚರಮ್ಮ ನೀವೂ ಬನ್ನಿ ಅಂದಿದ್ದಾರೆ. ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಒಮ್ಮೆಯೂ ಹೋಗಿರಲಿಲ್ಲ. ಈ ಸಲ ಹೋಗುತ್ತೇನೆ. ಪಲ್ಯಕ್ಕೆ ನಮ್ಮ ಹಿತ್ತಿಲಿನ ಹಾಗಲ, ಹೀರೆ ಕೇಳಿದ್ದಾರೆ. ಹೀರೆ ಎರಡೇ ಇವೆ, ಕೊಯ್ಯದೆ ಬಳ್ಳಿಯಲ್ಲೇ ಬಿಟ್ಟಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ