ಬೇಡವೆಂದರೂ ಬರುವ ಯೋಚನೆ: ಬಾಣಂತಿ ಮಗಳಿಗೆ ದೊಡ್ಡಮ್ಮನ ಪತ್ರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ಹೋದರೆ "ಕೈಬಿಟ್ಟುಬಿಟ್ಟರೆ?" ಅಂತ ಹೊಳೆಯುತ್ತದೆ, ಚಾಕು ಕಂಡರೆ ಮೈ ನಡುಗುತ್ತದೆ, ಮಗುವಿಗೆ ನೀರು ಹಾಕುವುದನ್ನೂ ಅಮ್ಮನಿಗೇ ಬಿಟ್ಟಿದ್ದೇನೆ ಅಂತ ಬರೆದಿದ್ದೀಯ. ಇದನ್ನು ಒಳಗೇ ಇಟ್ಟುಕೊಳ್ಳದೆ ಹೇಳಿದ್ದು ತುಂಬ ಒಳ್ಳೆಯದಾಯಿತು. ನಿಧಾನವಾಗಿ ಓದು.

ಇಂಥ ಯೋಚನೆ ನಿನಗೊಬ್ಬಳಿಗೇ ಬಂದದ್ದಲ್ಲ ಕಣೇ. 13 ದೇಶಗಳ 777 ವಿದ್ಯಾರ್ಥಿಗಳನ್ನು ವಿಚಾರಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹಿಂದಿನ ಮೂರು ತಿಂಗಳಲ್ಲಿ ಬೇಡದ ಯೋಚನೆ ಒಂದಾದರೂ ತಲೆಗೆ ನುಗ್ಗಿತ್ತು ಎಂದವರು ಶೇ. 94ರಷ್ಟು. ಹೊಸ ತಾಯಂದಿರಲ್ಲಂತೂ, ಮಗುವಿಗೆ ಏನಾದರೂ ಆಗಿಬಿಟ್ಟರೆ ಎನ್ನುವುದು ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. ನಾನೇ ಏನಾದರೂ ಮಾಡಿಬಿಟ್ಟರೆ ಎನ್ನುವುದು ಸುಮಾರು ಅರ್ಧದಷ್ಟು ಮಂದಿಗೆ. ನಾಚಿಕೆಗೆ ಯಾರೂ ಬಾಯಿಬಿಡುವುದಿಲ್ಲ. ಎಳೆಗೂಸಿನ ಹೊಣೆ ಹೊತ್ತ ಮನಸ್ಸು ಅಪಾಯ ಎಲ್ಲೆಲ್ಲಿದೆ ಎಂದು ಹುಡುಕುತ್ತಲೇ ಇರುತ್ತದೆ, ಹುಡುಕುವಾಗ ನಿನ್ನ ಕೈಯನ್ನೂ ಅನುಮಾನಿಸುತ್ತದೆ. ಆ ಯೋಚನೆಗೆ ನೀನು ಇಷ್ಟು ಬೆಚ್ಚುತ್ತಿರುವುದೇ ಅದು ನಿನ್ನ ಮನಸ್ಸಿಗೆ ಎಷ್ಟು ವಿರುದ್ಧವಾದದ್ದು ಎಂದು ತೋರಿಸುತ್ತದೆ.

ಹಾಗಾದರೆ ಬೇರೆಯವರಲ್ಲಿ ಬಂದು ಹೋಗುವುದು ನಿನ್ನಲ್ಲಿ ಯಾಕೆ ಠಿಕಾಣಿ ಹೂಡಿತು? ಬಂದ ಮೇಲೆ ನೀನು ಮಾಡಿದ ಕೆಲಸಗಳಿಂದ. "ಹೀಗೆ ಯೋಚಿಸುವವಳು ಎಂಥ ತಾಯಿ" ಎಂದು ಅದಕ್ಕೆ ಅರ್ಥ ಕಟ್ಟಿದೆ. ಚಾಕುಗಳನ್ನು ಮೇಲಿನ ಕಪಾಟಿನಲ್ಲಿ ಬಚ್ಚಿಟ್ಟೆ. ಬಚ್ಚಿಟ್ಟ ತಕ್ಷಣ ಎದೆ ಹಗುರಾಗಿರಬೇಕು. ಆ ಹಗುರದಲ್ಲೇ ಮೋಸವಿದೆ: ಚಾಕು ಬಚ್ಚಿಟ್ಟಿದ್ದರಿಂದಲೇ ಮಗು ಉಳಿಯಿತು ಎಂದು ಮನಸ್ಸು ಲೆಕ್ಕ ಹಾಕುತ್ತದೆ, ಮರುದಿನ ಇನ್ನೂ ಜೋರಾಗಿ ಎಚ್ಚರಿಸುತ್ತದೆ. ಅಳಿಯಂದಿರನ್ನು ಪದೇಪದೇ "ನಾನು ಹಾಗೆ ಮಾಡಲ್ಲ ತಾನೇ?" ಎಂದು ಕೇಳುವುದೂ, ಕೆಟ್ಟ ಚಿತ್ರ ಬಂದಾಗಲೆಲ್ಲ ಮನಸ್ಸಿನಲ್ಲೇ ಪ್ರಾರ್ಥನೆ ಹೇಳಿ ಅಳಿಸುವುದೂ ಇದೇ ಜಾತಿ.

ಬಲವಂತವಾಗಿ ಅದುಮಿದರೂ ಕೆಲಸ ಕೆಡುತ್ತದೆ. ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ ತಮ್ಮ ತಂಡದೊಂದಿಗೆ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಹೇಳಿದ್ದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಬೇಕಾದರೆ ನೆನೆಯಿರಿ ಎಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ನೆನಪಾಯಿತು. ಯೋಚನೆ ಬಂತೇ ಎಂದು ನೋಡಿಕೊಳ್ಳಲು ಅದೇ ಯೋಚನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕಲ್ಲ! ಕೈಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಚಟ್ಟೆಂದು ಹೊಡೆದುಕೊಳ್ಳುವ ಉಪಾಯ ಯಾರಾದರೂ ಹೇಳಿದರೆ ಅದೂ ಬೇಡ.

ಈಗ ಮಾಡಬೇಕಾದದ್ದು. ಯೋಚನೆ ಬಂದಾಗ "ಬೇಡದ ಯೋಚನೆ ಬಂದಿದೆ" ಎಂದು ಒಂದೇ ಸಲ ಹೇಳಿಕೋ. ಅದರ ಜೊತೆ ವಾದಕ್ಕಿಳಿಯಬೇಡ, "ನಾನು ಅಂಥವಳಲ್ಲ" ಎಂಬ ಸಮಜಾಯಿಷಿಯೂ ಬೇಡ. ಇದ್ದರೆ ಇರಲಿ ಎಂದು ಬಿಟ್ಟು ಕೈಯಲ್ಲಿದ್ದ ಕೆಲಸ ಮುಂದುವರಿಸು. ನೀರು ಹಾಕುವಾಗ ಬಂತೆನ್ನು: ಎಡಗೈ ಮಗುವಿನ ಕತ್ತಿಗೆ ಆಸರೆಯಾಗಿಯೇ ಇರಲಿ, ಬಲಗೈ ಬೆನ್ನಿಗೆ ನೀರು ಹುಯ್ಯುತ್ತಿರಲಿ, ಎದೆ ಡವಗುಟ್ಟಿದರೆ ಡವಗುಟ್ಟಲಿ. ಬೇಗ ಮುಗಿಸಿ ಓಡಬೇಡ.

ಬಿಟ್ಟ ಕೆಲಸಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಮರಳಬೇಕು. ಎಂಟು ಹತ್ತು ಸನ್ನಿವೇಶ ಬರೆದು, ಎಷ್ಟು ಭಯವೆಂದು 0ಯಿಂದ 100ರವರೆಗೆ ಅಂಕ ಹಾಕು. ಮಗು ಬೇರೆ ಕೋಣೆಯಲ್ಲಿದ್ದಾಗ ತರಕಾರಿ ಹೆಚ್ಚುವುದಕ್ಕೆ 30 ಇರಬಹುದು, ಮಗು ಕಣ್ಣಿಗೆ ಕಾಣುವಂತೆ ತೊಟ್ಟಿಲಲ್ಲಿದ್ದಾಗ ಹೆಚ್ಚುವುದಕ್ಕೆ 50, ಅಮ್ಮ ಬಾಗಿಲಲ್ಲಿ ನಿಂತಿರುವಾಗ ನೀರು ಹಾಕುವುದಕ್ಕೆ 60, ಒಬ್ಬಳೇ ಹಾಕುವುದಕ್ಕೆ 85. ಮೂವತ್ತರದ್ದರಿಂದ ಶುರು ಮಾಡಿ ದಿನಾ ಅದನ್ನೇ ಮಾಡು. ಅದು ಸಪ್ಪೆಯೆನಿಸಿದ ಮೇಲೆ ಮುಂದಿನದಕ್ಕೆ ಹೋಗು. ಎಲ್ಲ ತಾಯಂದಿರೂ ಮಾಡುವ ಮಾಮೂಲಿ ಕೆಲಸಗಳೇ ಪಟ್ಟಿಯಲ್ಲಿರಲಿ. ಧೈರ್ಯ ಪರೀಕ್ಷಿಸಲೆಂದು ಮಗುವಿಗೆ ನಿಜವಾಗಿ ಅಪಾಯವಾಗುವಂಥದ್ದು ಯಾವುದೂ ಬೇಡ.

ಎಡವುವುದು ಎಲ್ಲಿ ಗೊತ್ತೇ? ಭಯ ತುದಿಗೇರಿದಾಗ ಬಿಟ್ಟು ಎದ್ದುಹೋಗುವುದರಲ್ಲಿ. ಹೋದರೆ ಭಯವೇ ಗೆದ್ದಂತೆ. ತರಕಾರಿ ಹೆಚ್ಚುತ್ತಲೇ ಒಳಗೊಳಗೆ ಪ್ರಾರ್ಥನೆ ಎಣಿಸುವುದರಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, "ಇವತ್ತೂ ಬಂತಲ್ಲ" ಎಂದು ಅಳೆಯುವುದರಲ್ಲಿ. ಯೋಚನೆ ಬಂತೋ ಇಲ್ಲವೋ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ನೀರು ಹಾಕಿದೆಯಾ ಎನ್ನುವುದನ್ನು ಮಾತ್ರ ತೆಗೆದುಕೋ. ಅಳಿಯಂದಿರನ್ನು ಕೇಳಲೇಬೇಕೆನಿಸಿದರೆ ಮೊದಲು ಐದು ನಿಮಿಷ ತಡೆ, ಆಮೇಲೆ ಹತ್ತು, ಇಪ್ಪತ್ತು. ಎಷ್ಟೋ ಸಲ ಅಷ್ಟರಲ್ಲಿ ಕೇಳುವ ತವಕವೇ ಇಳಿದಿರುತ್ತದೆ.

ನಿದ್ದೆಗೆಟ್ಟರೆ ಇದೆಲ್ಲ ಇಮ್ಮಡಿಯಾಗುತ್ತದೆ. ರಾತ್ರಿ ಒಂದೇ ಸಮನೆ ನಾಲ್ಕೈದು ಗಂಟೆ ಮಲಗುವಂತೆ ಮನೆಯವರು ಸರದಿ ಹಾಕಿಕೊಳ್ಳಲಿ.

ಈ ಯೋಚನೆಗಳೂ ತಪ್ಪಿಸಿಕೊಳ್ಳುವ ಉಪಾಯಗಳೂ ಸೇರಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತಿನ್ನುತ್ತಿದ್ದರೆ, ಮಗುವಿನ ಆರೈಕೆಯೇ ನಿಂತಿದ್ದರೆ, ಮನೋವೈದ್ಯರ ಹತ್ತಿರ ಹೋಗು. ನೀರು ಹಾಕುವುದನ್ನು ಬಿಟ್ಟಿರುವುದರಿಂದ ನೀನು ಈ ವಾರವೇ ಹೋಗುವುದು ಒಳ್ಳೆಯದು ಎಂದು ನನ್ನ ಮಾತು. ಗೀಳು ಕಾಯಿಲೆ ಎಂದು ಅವರು ಹೇಳಿದರೆ ಗಾಬರಿ ಬೇಡ, ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಮೇಲೆ ಹೇಳಿದ ಮೆಟ್ಟಿಲನ್ನೇ ಅವರು ಜೊತೆಗೆ ಕೂತು ಹತ್ತಿಸುತ್ತಾರೆ. ಹಾಲೂಡಿಸುವ ತಾಯಂದಿರಿಗೆ ಸೆರ್ಟ್ರಾಲಿನ್‌ನಂಥ ಮಾತ್ರೆ ಕೊಡುವುದುಂಟು, ಹಾಲಿಗೆ ಅದು ಬಹಳ ಕಡಿಮೆ ಇಳಿಯುತ್ತದೆ. ಗುಣ ಪೂರ್ತಿ ಕಾಣಲು 8ರಿಂದ 12 ವಾರ ಬೇಕಾಗಬಹುದು, ಎರಡು ವಾರಕ್ಕೆ ನಿಲ್ಲಿಸಿಬಿಡಬೇಡ.

ಬೇರೆಯದೇ ಆದ ಒಂದು ಸ್ಥಿತಿಯಿದೆ, ಅದಕ್ಕೆ ಒಂದು ದಿನವೂ ಕಾಯಬಾರದು. ಹೆರಿಗೆಯಾದ ಸಾವಿರ ಮಂದಿಯಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ಇಲ್ಲದ ಧ್ವನಿ ಕೇಳುತ್ತದೆ, ನಿದ್ದೆಯೇ ಬೇಡವೆನಿಸುತ್ತದೆ, ಮಾತು ಗೊಂದಲವಾಗುತ್ತದೆ, ಮಗುವಿಗೆ ಹಾನಿ ಮಾಡುವುದೇ ಸರಿಯೆನಿಸಬಹುದು. ಹಾಗಾದರೆ, ಅಥವಾ ಸಾಯಬೇಕೆಂಬ ಆಸೆ ಬಂದರೆ, ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ನೀನು ಬರೆದದ್ದರಲ್ಲಿ ಅಂಥದ್ದೇನೂ ಕಾಣಲಿಲ್ಲ, ಆದರೂ ಮನೆಯವರಿಗೆಲ್ಲ ಗೊತ್ತಿರಲಿ.

ಈ ಕಾಗದವನ್ನು ಅಳಿಯಂದಿರಿಗೂ ಓದಲು ಕೊಡು. ನೀನು ಮತ್ತೆ "ನಾನು ಹಾಗೆ ಮಾಡಲ್ಲ ತಾನೇ?" ಎಂದು ಕೇಳಿದರೆ ಅವರು "ಇಲ್ಲ ಇಲ್ಲ" ಎಂದು ಸಮಾಧಾನ ಮಾಡುವುದು ಬೇಡ. "ಇದು ಆ ಯೋಚನೆ ಕೇಳಿಸುತ್ತಿರುವ ಪ್ರಶ್ನೆ, ಇದಕ್ಕೆ ಉತ್ತರ ಕೊಡಲ್ಲ, ನಿನ್ನ ಜೊತೆ ಕೂತಿರುತ್ತೇನೆ" ಎಂದರೆ ಸಾಕು.

ಇಂತಿ,
ನಿನ್ನ ದೊಡ್ಡಮ್ಮ