ಎರಡು ತಾರೀಕು

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ಅಮೆರಿಕದಲ್ಲಿ ನಾನು ಇರಬಹುದಾದ ಅವಧಿ ಮುಗಿದುಹೋಗಿದೆ ಅಂತ ಕೇಳಿ ಮೊನ್ನೆ ಫೋನಿನಲ್ಲಿ ಅಮ್ಮ "ಏನು ತಪ್ಪು ಮಾಡಿದ್ಯೋ ಮಗಾ?" ಅಂದಾಗ ನನಗೆ ತಟ್ಟನೆ ಮಾತು ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ, ಅಮ್ಮನಿಗೆ ಓದಿ ಹೇಳಿ. ನಡುನಡುವೆ ನಿಮ್ಮ ಟೀಕೆ ಬೇಡ!

ಕಂಪನಿ ನನ್ನ ಎಚ್-1ಬಿಯನ್ನು, ಅಂದರೆ ಇಲ್ಲಿ ಕೆಲಸ ಮಾಡಲು ಕೊಡುವ ಅನುಮತಿಯನ್ನು, 2028ರ ಜೂನ್‌ವರೆಗೆ ಮುಂದುವರಿಸಿತ್ತು. ಮಂಜೂರಾತಿ ಪತ್ರ ಬೀಗ ಹಾಕಿದ ಡ್ರಾಯರಿನಲ್ಲಿ ಭದ್ರವಾಗಿತ್ತು. ಕಳೆದ ಆಗಸ್ಟಿನಲ್ಲಿ ಊರಿಂದ ವಾಪಸು ಬಂದಿಳಿದೆವಲ್ಲ, ಆಗ ಕೌಂಟರಿನಲ್ಲಿದ್ದ ಅಧಿಕಾರಿ ಬೆರಳಚ್ಚು ತೆಗೆದುಕೊಂಡು, ನಕ್ಕು ಒಳಗೆ ಬಿಟ್ಟ. ಆದರೆ ಕಂಪ್ಯೂಟರಿನಲ್ಲಿ ಅವನು ಒತ್ತಿದ ತಾರೀಕು 2028ರದ್ದಲ್ಲ, ಈ ವರ್ಷದ ಫೆಬ್ರವರಿ 11. ನನ್ನ ಹಳೇ ಪಾಸ್‌ಪೋರ್ಟಿನ ಕೊನೇ ದಿನ. ನಿಮ್ಮ ಸೊಸೆಯ ಪಾಸ್‌ಪೋರ್ಟು ಹೊಸದು. ಅದೇ ಕೌಂಟರು, ಅದೇ ಅಧಿಕಾರಿ, ಅವಳಿಗೆ 2028 ಸಿಕ್ಕಿತು.

ಯಾವ ತಾರೀಕಿನವರೆಗೆ ಇಲ್ಲಿರಬಹುದು ಅಂತ ಹೇಳುವ ಈ ದಾಖಲೆಯನ್ನು ಐ-94 ಅನ್ನುತ್ತಾರೆ. 2013ಕ್ಕೆ ಮೊದಲು ವಿಮಾನ ನಿಲ್ದಾಣದಲ್ಲೇ ಚೀಟಿಯನ್ನು ಪಾಸ್‌ಪೋರ್ಟಿಗೆ ಪಿನ್ ಹೊಡೆದು ಕೊಡುತ್ತಿದ್ದರಂತೆ. ಈಗ ವೆಬ್‌ಸೈಟಿಗೆ ಹೋಗಿ ನಾವೇ ನೋಡಿಕೊಳ್ಳಬೇಕು. ನಾನು ನೋಡಲಿಲ್ಲ. "ಅದು ನಿನ್ನ ತಪ್ಪೇ" ಅಂತ ಅಪ್ಪ ಈಗ ಅಂದಿರುತ್ತೀರಿ. ಇರಲಿ, ಆದರೆ ಕಂಪನಿಯ ವಕೀಲರೂ ನೋಡಲಿಲ್ಲ. ಮಂಜೂರಾತಿ ಪತ್ರದ ಕೆಳಭಾಗದಲ್ಲೂ ಒಂದು ಐ-94 ಇರುತ್ತದೆ, ಅದರಲ್ಲಿ 2028 ಅಂತಲೇ ಇದೆ. ಎರಡರಲ್ಲಿ ಯಾವುದನ್ನು ಕೊನೆಗೆ ಕೊಟ್ಟರೋ ಅದೇ ಲೆಕ್ಕಕ್ಕೆ ಬರುವುದು ಅಂತ ಯಾರಿಗೆ ಗೊತ್ತು? ಜನವರಿಯಲ್ಲೇ ಕಾನ್ಸುಲೇಟಿನಿಂದ ಹೊಸ ಪಾಸ್‌ಪೋರ್ಟು ಮಾಡಿಸಿಕೊಂಡು ಎಲ್ಲ ಸರಿಯಾಯಿತು ಅಂದುಕೊಂಡಿದ್ದೆ. ಪಾಸ್‌ಪೋರ್ಟು ಹೊಸದಾದರೆ ಐ-94 ತಾನಾಗಿ ಬೆಳೆಯುವುದಿಲ್ಲ.

ಗೊತ್ತಾಗಿದ್ದು ಮೇ 27ಕ್ಕೆ, ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ಹೋದಾಗ. ಅಲ್ಲಿನ ಕೌಂಟರಿನ ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿ ತಾರೀಕಿನ ಮೇಲೆ ಪೆನ್ನಿಟ್ಟು ತೋರಿಸಿದಳು. ಅಷ್ಟು ಹೊತ್ತಿಗೆ 105 ದಿನ ಕಳೆದಿತ್ತು. ಅಷ್ಟೂ ದಿನ ಕೆಲಸಕ್ಕೆ ಹೋಗಿದ್ದೇನೆ, ತೆರಿಗೆ ಕಟ್ಟಿದ್ದೇನೆ. ಹೀಗೆ 180 ದಿನ ದಾಟಿದ ಮೇಲೆ ದೇಶ ಬಿಟ್ಟರೆ 3 ವರ್ಷ ಮತ್ತೆ ಕಾಲಿಡುವಂತಿಲ್ಲ. ವರ್ಷ ತುಂಬಿದರೆ 10 ವರ್ಷ. ಈಗ ಕೆಲಸ ನಿಲ್ಲಿಸಿದ್ದೇನೆ. ನಿಮ್ಮ ಸೊಸೆಯ ಐ-94 ಸರಿಯಾಗಿದ್ದೂ ಪ್ರಯೋಜನವಿಲ್ಲ, ಎಚ್-1ಬಿಯವರ ಹೆಂಡತಿ, ಮಕ್ಕಳಿಗೆ ಕೊಡುವ ಅವಳ ಎಚ್-4 ನಿಂತಿರುವುದೇ ನನ್ನದರ ಮೇಲೆ. ಮೊಮ್ಮಗಳು ಇಲ್ಲಿ ಹುಟ್ಟಿದವಳು, ಮನೆಯಲ್ಲಿ ಅವಳೊಬ್ಬಳಿಗೇ ಯಾವ ತಾರೀಕೂ ಇಲ್ಲ.

ನನ್ನೊಬ್ಬನ ಕಥೆಯೂ ಅಲ್ಲ ಇದು. ಕಂಪನಿ ಕೆಲಸದಿಂದ ತೆಗೆದರೆ ಎಚ್-1ಬಿಯವರಿಗೆ ಬೇರೆ ಕೆಲಸ ಹುಡುಕಲು ಇಲ್ಲವೇ ಹೊರಡಲು ಹೆಚ್ಚೆಂದರೆ 60 ದಿನ ಗಡುವು. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿಯನ್ನು ವೀಸಾ ವಂಚನೆಗಾಗಿ ಮುಚ್ಚಿಸಿದಾಗ ನಮ್ಮ ಕೆಲವು ಹುಡುಗರ ಕಾಲಿಗೆ, ಎಲ್ಲಿ ಹೋಗುತ್ತಾರೆ ಅಂತ ನಿಗಾ ಇಡಲು, ರೇಡಿಯೊ ಪಟ್ಟಿ ಕಟ್ಟಿದ್ದು ಅಪ್ಪನಿಗೆ ನೆನಪಿರಬೇಕು, ಪೇಪರಿನಲ್ಲಿ ಬಂದಿತ್ತು. ನನ್ನ ಸಹೋದ್ಯೋಗಿಯ ಮಗಳು 4 ವರ್ಷದವಳಿದ್ದಾಗ ಬಂದವಳು. ಅವಳಪ್ಪನಿಗೆ ಇಲ್ಲೇ ಕಾಯಂ ಇರಲು ಬೇಕಾದ ಗ್ರೀನ್ ಕಾರ್ಡಿನ ಸರದಿ ಇನ್ನೂ ಬಂದಿಲ್ಲ, ವರ್ಷದ ಕಾರ್ಡುಗಳಲ್ಲಿ ಯಾವ ದೇಶದವರಿಗೂ 7%ಕ್ಕಿಂತ ಹೆಚ್ಚು ಕೊಡುವಂತಿಲ್ಲವಲ್ಲ. ಅವಳಿಗೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ವಯಸ್ಸಾಗುವುದನ್ನು ಯಾರ ತಪ್ಪು ಅನ್ನೋಣ ಅಮ್ಮ?

ತಡವಾದದ್ದನ್ನು ಮನ್ನಿಸಿ ಅಂತ ವಕೀಲರು ಅರ್ಜಿ ಹಾಕುತ್ತಿದ್ದಾರೆ. ಮನ್ನಿಸಬಹುದು, ಮನ್ನಿಸಲೇಬೇಕೆಂದಿಲ್ಲ. ಆಗಸ್ಟಿನೊಳಗೆ ಉತ್ತರ ಬರದಿದ್ದರೆ 180 ದಿನ ತುಂಬುವ ಮೊದಲೇ ಹೊರಟು ಬಂದು ಅಲ್ಲೇ ಹೊಸ ವೀಸಾಕ್ಕೆ ಸಾಲು ನಿಲ್ಲಬೇಕು. ಅವಧಿ ಮೀರಿ ಉಳಿದದ್ದಕ್ಕೇ ಇದ್ದ ವೀಸಾ ರದ್ದಾಗಿದೆ. ಹಾಗೆ ಬಂದರೆ ಮಗ ರಜಕ್ಕೆ ಬಂದಿದ್ದಾನೆ ಅಂತ ಮಾತ್ರ ಹೇಳಿ ಸಾಕು.

ಒಂದು ಕೆಲಸವಿದೆ ಅಪ್ಪ. ನಾನು ಓದಲು ಬಂದಾಗಿನ ಪಾಸ್‌ಪೋರ್ಟು ನಿಮ್ಮ ಬೀರುವಿನಲ್ಲಿ, ಎಲ್‌ಐಸಿ ಕಾಗದಗಳ ಜೊತೆ ಇರಬೇಕು. ಇದಕ್ಕೆ ಮೊದಲು ನಾನು ಯಾವತ್ತೂ ಅವಧಿ ಮೀರಿ ಉಳಿದವನಲ್ಲ ಅಂತ ತೋರಿಸಲು ವಕೀಲರು ಅದರ ಎಲ್ಲ ಪುಟ ಕೇಳುತ್ತಿದ್ದಾರೆ. ಖಾಲಿ ಪುಟಗಳದ್ದೂ ಫೋಟೊ ತೆಗೆದು ಕಳಿಸಿ.

ಇಂತಿ ನಿಮ್ಮ ಮಗ