ಟಿಡಿಎಸ್ ಮೀಟರಿಗೆ ಬೆಳ್ಳಿಯ ಗುರುತಿಲ್ಲ

ಮಾನ್ಯ ಸಂಪಾದಕರೇ,

ಎರಡು ಬೆಳ್ಳಿ ತಂತಿ, 9 ವೋಲ್ಟಿನ ಮೂರು ಬ್ಯಾಟರಿ, ಒಂದು ಗ್ಲಾಸು ಡಿಸ್ಟಿಲ್ಡ್ ವಾಟರ್ ಇದ್ದರೆ ಮನೆಯಲ್ಲೇ ‘ಕೊಲಾಯ್ಡಲ್ ಸಿಲ್ವರ್’ (ಔಷಧವೆಂದು ಕುಡಿಯುವ, ಬೆಳ್ಳಿಯ ಸೂಕ್ಷ್ಮ ಕಣಗಳ ನೀರು) ತಯಾರು ಎನ್ನುವ ವಿಡಿಯೊಗಳು ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತವೆ. ಕೊನೆಗೆ, ಆರ್‌ಒ ಫಿಲ್ಟರ್ ರಿಪೇರಿಯವರ ಜೇಬಿನಲ್ಲಿರುವ, ನೀರಿನಲ್ಲಿ ಕರಗಿದ ಲವಣದ ಅಂದಾಜು ಕೊಡುವ ಟಿಡಿಎಸ್ ಮೀಟರನ್ನು ಆ ನೀರಿನಲ್ಲಿ ಅದ್ದುತ್ತಾರೆ. 12 ಎಂದು ಬಂದರೆ ‘12 ಪಿಪಿಎಂ ಬೆಳ್ಳಿ’ (ಲೀಟರಿಗೆ 12 ಮಿಲಿಗ್ರಾಂ) ಎಂದು ಬಾಟಲಿಗೆ ಚೀಟಿ ಅಂಟುತ್ತದೆ. ಆ ಚೀಟಿಯನ್ನು ನಂಬಬೇಡಿ ಎನ್ನಲು ಈ ಪತ್ರ.

ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಮಾತ್ರ. ಈ ಗುಣಕ್ಕೆ ವಾಹಕತೆ ಎಂದು ಹೆಸರು, ಅದರ ಅಳತೆ ಮೈಕ್ರೊಸೀಮೆನ್ಸ್. ಬಂದ ಸಂಖ್ಯೆಯನ್ನು ಕೆಲವು ಮೀಟರ್ 0.5ರಿಂದ, ಕೆಲವು 0.7ರಿಂದ ಗುಣಿಸಿ ಪಿಪಿಎಂ ಎಂದು ತೋರಿಸುತ್ತವೆ. ಆ ಗುಣಕ ಉಪ್ಪಿಗೆ ಅಥವಾ ನಲ್ಲಿ ನೀರಿನ ಲವಣಗಳಿಗೆ ಹೊಂದಿಸಿದ್ದು, ಬೆಳ್ಳಿಗಲ್ಲ. ಲೆಕ್ಕ ಹಾಕಿ ನೋಡಿ: ಲೀಟರಿಗೆ 10 ಮಿಲಿಗ್ರಾಂ ಬೆಳ್ಳಿ ಅಯಾನು (ಕರಗಿ ವಿದ್ಯುದಂಶ ಹೊತ್ತ ಬೆಳ್ಳಿ) ನೀರಿನಿಂದಲೇ ಬರುವ ಹೈಡ್ರಾಕ್ಸೈಡ್ ಅಯಾನಿನ ಜೊತೆಗಿದ್ದರೆ ವಾಹಕತೆ ಸುಮಾರು 24 ಮೈಕ್ರೊಸೀಮೆನ್ಸ್. ಅದೇ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಹೈಡ್ರಾಕ್ಸೈಡ್ ಹೋಗಿ ಬೈಕಾರ್ಬನೇಟ್ ಆದರೆ ಸುಮಾರು 10. ಬೆಳ್ಳಿ ಅಷ್ಟೇ ಇದ್ದರೂ 0.5ರ ಮೀಟರ್ ಮೊದಲು 12, ಆಮೇಲೆ 5 ಎನ್ನುತ್ತದೆ, 0.7ರ ಮೀಟರ್ 17, ಆಮೇಲೆ 7. ಇನ್ನು ನಿಜವಾದ ಕೊಲಾಯ್ಡ್, ಅಂದರೆ ಬೆಳ್ಳಿಯ ಸೂಕ್ಷ್ಮ ಕಣಗಳು, ಈ ಮೀಟರಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹಳದಿ ಬಣ್ಣ ಬಂದಿದ್ದರೆ ಕಣಗಳಿವೆ, ಲೇಸರ್ ಲೈಟ್ ಹಾಯಿಸಿದಾಗ ಗೆರೆ ಮೂಡಿದರೂ ಕಣಗಳಿವೆ. ಎಷ್ಟಿವೆ ಎಂಬುದು ಎರಡರಿಂದಲೂ ತಿಳಿಯದು.

ಶುರುವಿನ ನೀರೇ ಕೆಟ್ಟಿದ್ದರೆ ಮುಂದಿನದೆಲ್ಲ ವ್ಯರ್ಥ. ಆರ್‌ಒ ನೀರಿನಲ್ಲೂ ಕ್ಲೋರೈಡ್ ಉಳಿದಿರುತ್ತದೆ. ಮಲಪ್ರಭೆಯ ನಲ್ಲಿ ನೀರು, ಗದಗ ಕಡೆಯ ಸವುಳು ಬೋರ್ ನೀರಿನ ಮಾತಂತೂ ಬೇಡ. ಕ್ಲೋರೈಡ್ ಸಿಕ್ಕ ಕೂಡಲೇ ಬೆಳ್ಳಿ ಬಿಳಿ ಮಬ್ಬಾಗಿ ಕೂರುತ್ತದೆ. ಕರೆಂಟ್ ಬೇಗ ಹರಿಯಲೆಂದು ಚಿಟಿಕೆ ಉಪ್ಪು ಹಾಕುವವರು ತಯಾರಿಸುವುದು ಸಿಲ್ವರ್ ಕ್ಲೋರೈಡ್. ತಂತಿಯದೂ ಅದೇ ಕಥೆ. ಪತ್ತಾರರಿಂದ ತರುವ 925ರ ಬೆಳ್ಳಿಯಲ್ಲಿ ಶೇ 7.5 ಬೇರೆ ಲೋಹ, ಬಹುತೇಕ ತಾಮ್ರ. ಹಳೆಯ ಕಾಲ್ಗೆಜ್ಜೆಯಲ್ಲಿ ಇನ್ನೂ ಹೆಚ್ಚಿರಬಹುದು. ತಾಮ್ರವೂ ನೀರಿಗಿಳಿದು ಮೀಟರಿನ ಅಂಕಿ ಏರಿಸುತ್ತದೆ.

ಮೀಟರಿಗಿಂತ ಫ್ಯಾರಡೆ ಲೆಕ್ಕ, ಅಂದರೆ ಹರಿದ ಕರೆಂಟಿನಿಂದ ಕರಗಿದ ಲೋಹವನ್ನು ಲೆಕ್ಕ ಹಾಕುವುದು, ಮೇಲು. 1 ಮಿಲಿಅಂಪಿಯರ್ ಒಂದು ಗಂಟೆ ಹರಿದರೆ ಹೆಚ್ಚೆಂದರೆ 4.02 ಮಿಲಿಗ್ರಾಂ ಬೆಳ್ಳಿ ಕರಗುತ್ತದೆ. 250 ಮಿಲಿ ನೀರಾದರೆ ಲೀಟರಿಗೆ 16 ಮಿಲಿಗ್ರಾಂ. ಇದು ಗರಿಷ್ಠ ಮಿತಿ, ಫಲಿತಾಂಶವಲ್ಲ: ಒಂದಷ್ಟು ಬೆಳ್ಳಿ ಕ್ಯಾಥೋಡ್ (ಬ್ಯಾಟರಿಯ ಮೈನಸ್ ಕಡೆಯ ತಂತಿ) ಮೇಲೆ ಕಪ್ಪು ಪಾಚಿಯಂತೆ ಕೂರುತ್ತದೆ, ಒಂದಷ್ಟು ತಳಕ್ಕಿಳಿಯುತ್ತದೆ. ಕರೆಂಟೂ ಒಂದೇ ಸಮ ಇರುವುದಿಲ್ಲ. ಅಯಾನು ಹೆಚ್ಚಿದಂತೆ ಏರುತ್ತಲೇ ಹೋಗುವುದರಿಂದ ಹತ್ತು ನಿಮಿಷಕ್ಕೊಮ್ಮೆ ಮಲ್ಟಿಮೀಟರ್ ನೋಡಿ ಬರೆದಿಟ್ಟು ಸರಾಸರಿ ತೆಗೆಯಬೇಕು. ಕರಗಿದ ಬೆಳ್ಳಿ ಹೆಚ್ಚಾದರೆ ಹೈಡ್ರಾಕ್ಸೈಡ್ ಜೊತೆ ಸೇರಿ ಬೆಳ್ಳಿ ಆಕ್ಸೈಡ್ ಆಗುತ್ತದೆ, ಅದು ನೀರಿನಲ್ಲಿ ಲೀಟರಿಗೆ ಇಪ್ಪತ್ತು-ಇಪ್ಪತ್ತೈದು ಮಿಲಿಗ್ರಾಂ ಆಸುಪಾಸಿನಷ್ಟೇ ಕರಗುವುದು. ಹಾಗಾಗಿ ಬರೀ ಬ್ಯಾಟರಿ ಮತ್ತು ನೀರಿನಿಂದ ‘100 ಪಿಪಿಎಂ’ ತಿಳಿನೀರು ಬಂತು ಎಂದರೆ ನಾವಂತೂ ಒಪ್ಪುವುದಿಲ್ಲ.

ನಿಜವಾದ ಅಳತೆಗೆ ಕಾಲೇಜು ಪ್ರಯೋಗಾಲಯದ ಥಯೋಸಯನೇಟ್ ಟೈಟ್ರೇಶನ್ (ಬಣ್ಣ ಬದಲಾಗುವವರೆಗೆ ಥಯೋಸಯನೇಟ್ ದ್ರಾವಣವನ್ನು ಅಳೆದು ಹನಿಸುವ ವಿಧಾನ) ಸಾಕು. ಬಾಟಲಿಯನ್ನು ತಳದ ಗಸಿ ಸಮೇತ ಚೆನ್ನಾಗಿ ಕುಲುಕಿ 500 ಮಿಲಿ ತೆಗೆದುಕೊಳ್ಳಿ. 5 ಮಿಲಿ ಗಾಢ ನೈಟ್ರಿಕ್ ಆಮ್ಲ ಹಾಕಿ, ಫ್ಯೂಮ್ ಹುಡ್ ಒಳಗೆ ಸಣ್ಣಗೆ ಕುದಿಸಿ 25 ಮಿಲಿಗೆ ಇಳಿಸಿ. ಕಂದು ಹೊಗೆ ಪೂರ್ತಿ ಹೋಗಲೇಬೇಕು, ಇಲ್ಲದಿದ್ದರೆ ಉಳಿದ ನೈಟ್ರಸ್ ಆಮ್ಲವೇ ಥಯೋಸಯನೇಟ್ ಜೊತೆ ಕೆಂಪಾಗಿ ಮೋಸ ಮಾಡುತ್ತದೆ. ತಣ್ಣಗಾಗಿಸಿ, ಡಿಸ್ಟಿಲ್ಡ್ ವಾಟರ್ ಬೆರೆಸಿ ದುಪ್ಪಟ್ಟು ಮಾಡಿ, ಬಣ್ಣ ತೋರಿಸಲು 1 ಮಿಲಿ ಫೆರಿಕ್ ಆಲಂ (ಕಬ್ಬಿಣದ ಲವಣ) ದ್ರಾವಣ ಸೇರಿಸಿ, ಬ್ಯುರೆಟ್‌ನಿಂದ 0.01 ನಾರ್ಮಲ್ ಪೊಟ್ಯಾಸಿಯಂ ಥಯೋಸಯನೇಟ್ ಬಿಡಿ. ತಿಳಿ ಇಟ್ಟಿಗೆ ಬಣ್ಣ ಕುಲುಕಿದ ಮೇಲೂ ಉಳಿದರೆ ಮುಗಿಯಿತು. ಕುಲುಕುವುದರಲ್ಲಿ ಸೋಮಾರಿತನ ಬೇಡ: ಆಗ ಮೂಡುವ ಬಿಳಿ ಗಸಿ ಬೆಳ್ಳಿ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಬಣ್ಣ ಮೊದಲೇ ಬಂದುಬಿಡುತ್ತದೆ. ಪ್ರತಿ ಮಿಲಿಗೆ 1.079 ಮಿಲಿಗ್ರಾಂ ಬೆಳ್ಳಿ. 4.6 ಮಿಲಿ ಖರ್ಚಾದರೆ 500 ಮಿಲಿಯಲ್ಲಿ 4.96 ಮಿಲಿಗ್ರಾಂ, ಅಂದರೆ ಲೀಟರಿಗೆ 9.9. ಬರೀ ಡಿಸ್ಟಿಲ್ಡ್ ವಾಟರಿಗೂ ಇದೇ ಪ್ರಯೋಗ ಮಾಡಿ ಆ ಅಂಕಿ ಕಳೆಯಬೇಕು. ಪಾತ್ರೆಯನ್ನು ನಲ್ಲಿ ನೀರಿನಲ್ಲಿ ತೊಳೆದು ಹಾಗೇ ಬಳಸಿದರೆ ಅದರ ಕ್ಲೋರೈಡ್ ಬೆಳ್ಳಿಯನ್ನು ಕದಿಯುತ್ತದೆ.

ಮಣ್ಣಿನ ಸತು, ಕಬ್ಬಿಣ ಅಳೆಯುವ ಎಎಎಸ್ (ಲೋಹದ ಪರಮಾಣುಗಳು ಹೀರುವ ಬೆಳಕನ್ನು ಅಳೆಯುವ) ಯಂತ್ರದಲ್ಲೂ ಬೆಳ್ಳಿಯನ್ನು 328.1 ನ್ಯಾನೊಮೀಟರ್‌ನಲ್ಲಿ ಅಳೆಯಬಹುದು. ಒಂದೊಂದು ಲೋಹಕ್ಕೂ ಬೇರೆ ದೀಪ ಬೇಕು, ಬೆಳ್ಳಿಯ ದೀಪ ಇದೆಯೇ ಎಂದು ಮೊದಲೇ ಕೇಳಿ. ಮಾದರಿಗೆ ನೈಟ್ರಿಕ್ ಆಮ್ಲ ಹಾಕಿ ಕಂದು ಬಾಟಲಿಯಲ್ಲಿ ಒಯ್ಯಿರಿ. ಹೈಡ್ರೋಕ್ಲೋರಿಕ್ ಆಮ್ಲ ಮಾತ್ರ ಬೇಡ, ಅದರಲ್ಲಿರುವುದೂ ಕ್ಲೋರೈಡೇ.

ಅಳತೆ ಸರಿ ಬಂದರೂ ಅದು ಕುಡಿಯುವ ನೀರಲ್ಲ. ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಬೆಳ್ಳಿಯ ಮಿತಿ ಲೀಟರಿಗೆ 0.1 ಮಿಲಿಗ್ರಾಂ; 10 ಪಿಪಿಎಂ ಬಾಟಲಿ ಅದರ ನೂರು ಪಟ್ಟು. ಅಮೆರಿಕದ ಪರಿಸರ ಸಂಸ್ಥೆ ಜೀವನಪರ್ಯಂತದ ಸೇವನೆಗೆ ಇಟ್ಟಿರುವ ಮಿತಿ ದಿನಕ್ಕೆ ಕಿಲೊ ತೂಕಕ್ಕೆ 0.005 ಮಿಲಿಗ್ರಾಂ. 60 ಕಿಲೊ ತೂಗುವವರಿಗೆ 0.3 ಮಿಲಿಗ್ರಾಂ, ಅಂದರೆ ಈ ಬಾಟಲಿಯ 30 ಮಿಲಿಗೇ ಮುಗಿಯಿತು. ಮೀರಿ ಕುಡಿಯುತ್ತ ಹೋದರೆ ಬೆಳ್ಳಿ ಚರ್ಮದಲ್ಲಿ ಕೂತು ಮೈ ನೀಲಿ-ಬೂದಿ ಬಣ್ಣಕ್ಕೆ ತಿರುಗುತ್ತದೆ, ಅದು ಮತ್ತೆ ಹೋಗುವುದಿಲ್ಲ. ಯಾವ ರೋಗಕ್ಕೂ ಇದು ಸುರಕ್ಷಿತ, ಪರಿಣಾಮಕಾರಿ ಎಂದು ಒಪ್ಪಲಾಗದು ಎಂದು ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ನಿಯಮ ಮಾಡಿದೆ. ಸುಟ್ಟ ಗಾಯಕ್ಕೆ ಬೆಳ್ಳಿಯ ಔಷಧ ಬೇಕಾದರೆ ವೈದ್ಯರು ಬರೆದುಕೊಡುವ ಶೇ 1ರ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಇದ್ದೇ ಇದೆ, ಪ್ರಮಾಣ ಟ್ಯೂಬಿನ ಮೇಲೇ ಮುದ್ರಿತವಾಗಿರುತ್ತದೆ.

– ರಸಾಯನಶಾಸ್ತ್ರ ಅಧ್ಯಾಪಕರು, ಧಾರವಾಡ